ಚಪ್ಪಾಳೆ ಬೀಳುವ ಸಾಲು

ನಾಂಪಲ್ಲಿಯ ಕನ್ನಡ ಬಳಗದಲ್ಲಿ ಹನ್ನೊಂದು ವರ್ಷದಿಂದ ಮೈಕು ಶಾಂತಕುಮಾರನ ಕೈಯಲ್ಲೇ. ಜುಲೈ ಬಂತೆಂದರೆ ಮಡಿದ ಸೈನಿಕರ ಸ್ಮರಣೆ, ಅದಕ್ಕೆ ಪ್ರತಿ ವರ್ಷ ಅದೇ ಹಾಳೆ. ಹೆಸರಿನ ಜಾಗವೊಂದು ಖಾಲಿ, ಮಿಕ್ಕಿದ್ದೆಲ್ಲ ಭರ್ತಿ: "ಸಾವಿಗಂಜದೆ, ನಗುನಗುತ್ತ ಪ್ರಾಣವನ್ನರ್ಪಿಸಿದ ವೀರ." ಆ ಸಾಲು ಮುಗಿಯುವುದೇ ತಡ, ಚಪ್ಪಾಳೆ ಬೀಳಬೇಕು. ಬೀಳುತ್ತಿತ್ತು ಕೂಡ.

ಈ ಸಲ ಖಾಲಿ ಜಾಗದಲ್ಲಿ ಭೀಮಾಶಂಕರನ ಹೆಸರು ಬರೆದಿದ್ದ. ಗಡಿಯಲ್ಲಿ ಗುಂಡು ತಗುಲಿ ಹೋದವನು, ಇಪ್ಪತ್ತಮೂರರ ವಯಸ್ಸು. ಅವನ ತಾಯಿ ಗದಿಗೆಮ್ಮ ಲಿಂಗಂಪಲ್ಲಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರುವಾಕೆ. ಸಭೆಗೆ ತಾಸು ಮೊದಲೇ ಲೋಕಲ್ ಟ್ರೇನು ಹಿಡಿದು ಬಂದವಳು, "ಏನ್ ಓದ್ತೀರಿ, ಒಮ್ಮಿ ನನಗ ಕೇಳಿಸ್ರಿ" ಎಂದಳು. ಶಾಂತಕುಮಾರ ಹುರುಪಿನಿಂದಲೇ ಓದಿದ.

"ನಕ್ಕಿದ್ದು ಯಾರ್ ನೋಡ್ಯಾರ್ರಿ?"

"ಹಂಗಲ್ರಿ ಯವ್ವಾ, ಗೌರವಕ್ಕ ಹಂಗ ಅಂತೀವಿ."

"ಸಾಯೂ ಹಿಂದಿನ ದಿನ ಫೋನ್ ಮಾಡಿದ್ದ. 'ಯವ್ವಾ, ಇಲ್ಲಿ ಭಾಳ ಥಂಡಿ ಐತಿ, ನನಗ ಅಂಜಿಕಿ ಬರಾಕತ್ತೈತಿ' ಅಂದ. ಅದ ಅವನ ಕಡೀ ಮಾತು, ನನಗೊಬ್ಬಾಕಿಗೇ ಹೇಳಿದ್ದು. ನೀವು ಅಂಜಲಿಲ್ಲ ಅಂತ ಸಾರಿದ್ರ ನನ್ ಮಗ ಸುಳ್ಳ ಹೇಳಿದಂಗ ಆತಲ್ಲ? ಆ ಸಾಲು ತಗದ್ ಹಾಕ್ರಿ."

ಚಪ್ಪಾಳೆ ಬೀಳುವ ಸಾಲನ್ನೇ ತೆಗೆಯುವುದೆ? ಶಾಂತಕುಮಾರ ಬಳಗದ ಅಧ್ಯಕ್ಷ ಸೂಗಪ್ಪನ ಬಳಿಗೆ ಓಡಿದ.

"ಏ ಶಾಂತ್ಯಾ, ಒಲಿ ಮ್ಯಾಲಿಟ್ಟ ಮ್ಯಾಲ ಅಕ್ಕಿ ಬದಲಿ ಮಾಡ್ತಾರೇನ? ಇದ್ದದ್ದ ಓದು, ಮಂದಿ ಬರಾಕತ್ಯಾರ!"

ಶಾಂತಕುಮಾರ ಪೆನ್ನಿನ ಕ್ಯಾಪು ತೆಗೆದ, ಹಾಕಿದ, ಮತ್ತೆ ತೆಗೆದ. ಕೊನೆಗೆ ಆ ಸಾಲಿನ ಮೇಲೆ ಗೀಟು ಎಳೆದ. ಎಳೆದು ವೇದಿಕೆ ಹತ್ತಿದ. ಆದರೆ ಹನ್ನೊಂದು ವರ್ಷ ಪಳಗಿದ ನಾಲಿಗೆ ಗೀಟಿಗೆ ಬಗ್ಗೀತೆ? "ಸಾವಿಗಂಜದೆ, ನಗುನಗುತ್ತ..." ತಾನೇ ತಾನಾಗಿ ಹೊರಬಿತ್ತು. ಸಭೆಯೆಲ್ಲ ಚಟಪಟ ಚಪ್ಪಾಳೆ. ಮುಂದಿನ ಕುರ್ಚಿಯಲ್ಲಿ ಕುಳಿತ ಗದಿಗೆಮ್ಮನ ಎರಡು ಕೈಗಳು ಮಾತ್ರ ಮಡಿಲಲ್ಲಿ ಹಾಗೇ ಬಿದ್ದಿದ್ದವು.

"ನಿಲ್ಲಿಸ್ರಿ," ಎಂದ ಶಾಂತಕುಮಾರ. "ನಿಲ್ಲಿಸ್ರಿ ಸ್ವಲ್ಪ. ನಾ ಓದಿದ್ದು ತಪ್ಪೈತಿ. ಭೀಮಾಶಂಕರ ಅಂಜಿದ್ದ. ಅಂಜಿಕಿ ಬರಾಕತ್ತೈತಿ ಅಂತ ಅವ್ವಗ ಫೋನ್ ಮಾಡಿದ್ದ. ಮರುದಿನ ಅಲ್ಲೇ ನಿಂತಿದ್ದ. ಅಲ್ಲೇ ಸತ್ತ."

ಎತ್ತಿದ ಕೈಗಳನ್ನು ಎಲ್ಲಿಡುವುದೆಂದು ಯಾರಿಗೂ ತಿಳಿಯಲಿಲ್ಲ. ಸೂಗಪ್ಪ ಜೋರಾಗಿ ಕೆಮ್ಮಿದ. ಗದಿಗೆಮ್ಮ ಕುಳಿತಲ್ಲಿಂದಲೇ ಅಂದಳು:

"ಥಂಡೀದು ಬಿಟ್ರಲ್ಲೋ ಯಪ್ಪಾ."

ಶಾಂತಕುಮಾರ ಹಾಳೆ ಮಡಚಿ ಜೇಬಿಗಿಟ್ಟು, ಮೈಕು ಬಾಯಿಗೆ ಹತ್ತಿರ ತಂದ.

"ಅಲ್ಲಿ ಭಾಳ ಥಂಡಿ ಇತ್ತು."