ಏಳನೆಯ ಕಾರಣ

ಹತ್ತೊಂಬತ್ತು, ಇಪ್ಪತ್ತು, ಅಯ್ಯೋ ಹಳದಿ ಟೋಪಿಯವಳು ಮತ್ತೆ ಸೀಟು ಬದಲಿಸಿದಳು, ಇನ್ನೊಮ್ಮೆ ಎಣಿಸಬೇಕು, ಇರಲಿ, ಈ ಬಸ್ಸಿನಲ್ಲಂತೂ ಯಾರೂ ಕಳೆದುಹೋಗುವುದಿಲ್ಲ — ಮೈಕು ಹಿಡಿದರೆ ಸಾಕು, ಬಾಯಿ ತನ್ನ ಪಾಡಿಗೆ ತಾನು ಓಡುತ್ತದೆ, ಈ ನಗರಕ್ಕೆ ಬರಲು ಹತ್ತು ಕಾರಣಗಳಿವೆ ಸ್ನೇಹಿತರೇ, ಮೊದಲನೆಯದು ನಮ್ಮ ಮೆಟ್ರೊ, ನಾಲ್ಕು ಭಾಷೆಗಳಲ್ಲಿ ದಾರಿ ಹೇಳುತ್ತದೆ, ಹೌದು, ಹೇಳುತ್ತದೆ, ಆ ನಾಲ್ಕರಲ್ಲಿ ಒಂದೂ ಅಪ್ಪನನ್ನು ಮನೆ ಮುಟ್ಟಿಸಲಿಲ್ಲ, ಹೋದ ತಿಂಗಳು ಕೊನೆಯ ಸ್ಟೇಷನ್ನಿನ ಬೆಂಚಿನ ಮೇಲೆ ಸಿಕ್ಕಿದ, ಚಪ್ಪಲಿ ಕಳಚಿ ಪಕ್ಕದಲ್ಲಿ ಜೋಡಿಸಿಟ್ಟುಕೊಂಡು, ಯಾರದೋ ಮನೆಗೆ ಹೋದವನ ಹಾಗೆ — ಎಲ್ಲರೂ ಎಡಕ್ಕೆ ನೋಡಿ, ಗಾಜಿನ ಗೋಪುರ, ಇಪ್ಪತ್ತು ಕತ್ತುಗಳು ಒಟ್ಟಿಗೆ ಎಡಕ್ಕೆ, ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ, ನೋಡಿಕೊಳ್ಳಿ, ನಿಮ್ಮ ಪುಣ್ಯ, ನಾಳೆ ವಿಮಾನ ಹತ್ತುತ್ತೀರಿ. ಇವತ್ತು ಬೆಳಿಗ್ಗೆ ಚಹಾ ಲೋಟ ಹಿಡಿದು ಹೋದರೆ ಅಪ್ಪ ಅಡುಗೆಮನೆಯ ಸ್ಟೂಲಿನಿಂದ ಅರ್ಧ ಎದ್ದ, ಮೊಣಕಾಲು ನಡುಗುತ್ತಿತ್ತು, ಬನ್ನಿ ಮೇಡಂ, ಇವತ್ತೆಷ್ಟು ಜನ ಬಂದಿದ್ದಾರೆ, ಅಂದ, ನಾನು ಕೂತ್ಕೋ ಅನ್ನುವವರೆಗೂ ಹಾಗೇ ನಿಂತಿದ್ದ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ, ಎಂಟು ದಿನದಿಂದ ಹಾಗೇ ಎಂದುಕೊಳ್ಳುತ್ತಿದ್ದೇನೆ, ಅಮ್ಮ ಇದ್ದಾಗ ಅವಳನ್ನೂ ಹೀಗೇ ಗೋಳು ಹುಯ್ದುಕೊಳ್ಳುತ್ತಿದ್ದನಲ್ಲ, ಗೇಟಿನ ಬಳಿ ನಿಂತು ಯಜಮಾನರು ಇದ್ದಾರಾ ತಾಯೀ ಎಂದು — ಎಂಟು ದಿನ ಯಾರಾದರೂ ಒಂದೇ ತಮಾಷೆ ಮಾಡುತ್ತಾರಾ.

ಆರನೆಯ ಕಾರಣ, ಒಂದೇ ಬೀದಿಯಲ್ಲಿ ಐದು ಧರ್ಮಗಳ ಪ್ರಾರ್ಥನೆ, ಫೋಟೊ ತೆಗೆಯಬಹುದು. ಏಳನೆಯದು ಇನ್ನು ಎರಡು ತಿರುವು. ಏಳನೆಯದು ನನ್ನ ಅಪ್ಪ, ಪ್ರವಾಸದ ಪುಸ್ತಕದಲ್ಲಿ ಹಾಗೆ ಬರೆದಿಲ್ಲ, ಕಣ್ಣೆದುರೇ ಬದುಕಿರುವ ಹಳೆಯ ಕಸುಬುಗಳು ಎಂದು ಬರೆದಿದೆ, ಕೊಡೆ ರಿಪೇರಿಯ ಮುದುಕ, ಬಣ್ಣ ಹೊಡೆದ ಗೂಡಂಗಡಿ. ನಿಜವಾದ ಗಿರಾಕಿ ಅವನ ಬಳಿ ಬಂದು ಎಷ್ಟು ವರ್ಷವಾಯಿತೋ, ದಿನವೆಲ್ಲ ಅದೇ ಕರಿ ಕೊಡೆಗೆ ಅದೇ ಮುರಿದ ಕಡ್ಡಿ ಕಟ್ಟಿ ಬಟ್ಟೆ ಹೊಲಿಯುತ್ತಾನೆ, ಸಂಜೆ ಕಾವಲುಗಾರ ಬಂದು ಹೊಲಿಗೆ ಬಿಚ್ಚಿ ಇಡುತ್ತಾನೆ, ನಾಳೆಯವರಿಗೂ ನೋಡಲು ಬೇಕಲ್ಲ. ಈ ಕೆಲಸ ಕೊಡಿಸಿದವಳು ನಾನೇ. ಗೈಡಿನ ನೆಂಟರು ಅವಳ ದಾರಿಯಲ್ಲಿ ಇರಕೂಡದೆಂಬ ನಿಯಮ, ಜನರನ್ನು ನಮ್ಮವರ ಅಂಗಡಿಗೇ ಹೊಡೆದುಕೊಂಡು ಹೋಗುತ್ತೇವಂತೆ, ಅದಕ್ಕೇ ಅವನ ಅರ್ಜಿಯಲ್ಲಿ ಸುಳ್ಳು ಬರೆದೆ, ಸಂಬಂಧ: ಇಲ್ಲ. ಮೊದಲ ದಿನವೇ ಅವನು, ಬಂದ್ಯಾ ಗುಂಡಮ್ಮಾ, ಊಟ ಆಯ್ತಾ, ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದ, ಮ್ಯಾನೇಜರು ಹುಬ್ಬು ಹಾರಿಸಿದ, ನಾನು ಹಲ್ಲು ಕಿರಿದು, ಪಾಪ ವಯಸ್ಸಾಗಿದೆ, ಎಲ್ಲರನ್ನೂ ಹಾಗೇ ಕರೀತಾರೆ ಸಾರ್, ಅಂದೆ. ಆ ರಾತ್ರಿಯಿಂದ ಒಂದು ವಾರ ಮಗ್ಗಿ ಹೇಳಿಸಿದಂತೆ ಹೇಳಿಸಿದೆ, ನಾನು ಯಾರು, ಗೈಡು, ನನ್ನ ಏನಂತ ಕರೀತೀಯ, ಮೇಡಂ ಅಂತ, ಬಂದಾಗ ಏನ್ಮಾಡ್ತೀಯ, ಎದ್ದು ನಿಲ್ತೀನಿ — ಅರ್ಧ ಎದ್ರೆ ಸಾಕು, ಮಂಡಿ ನೋವಲ್ವಾ ನಿಂಗೆ — ತಪ್ಪಿದರೆ ರೇಗಿದೆ, ಒಮ್ಮೆ ತಟ್ಟೆಯನ್ನು ಮೇಜಿಗೆ ಕುಕ್ಕಿದೆ, ನನ್ನ ಕೆಲ್ಸ ಹೋದ್ರೆ ಬಾಡಿಗೆ ನಿನ್ನ ಕೊಡೆ ಕಟ್ಟುತ್ತಾ ಎಂದೆ. ಮೂರು ವರ್ಷ ಒಂದು ದಿನವೂ ತಪ್ಪಲಿಲ್ಲ ಅವನು. ಊರಿಗೆ ಉಪಕಾರಿ ಮನೆಗೆ ಮಾರಿ ಅಂತಾರಲ್ಲ, ಅದು ನಾನೇ. ಬೇರೆಲ್ಲ ಮರೆಯುತ್ತಿದ್ದಾನೆ, ಗ್ಯಾಸು ಆರಿಸುವುದು, ಅಮ್ಮ ಸತ್ತದ್ದು, ನಾನು ಕಲಿಸಿದ ಪಾಠ ಮಾತ್ರ ಮರೆಯುತ್ತಿಲ್ಲ.

ಇಳಿಯಿರಿ, ಮೆಟ್ಟಿಲು ನೋಡಿಕೊಂಡು ಇಳಿಯಿರಿ. ಸಾಕು, ಇವತ್ತು ಕರೆದೇಬಿಡುತ್ತೇನೆ, ಎಲ್ಲರೆದುರು, ಮ್ಯಾನೇಜರು ಅಲ್ಲೇ ಇದ್ದರೂ ಸರಿ, ಕೆಲಸ ಹೋದರೆ ಹೋಗಲಿ, ಒಂದು ಸಲ ಗುಂಡಮ್ಮ ಅನ್ನಲಿ, ಒಂದೇ ಸಲ — ಎಣ್ಣೆಯ ವಾಸನೆ, ಒದ್ದೆ ಬಟ್ಟೆಯ ವಾಸನೆ, ಹಲ್ಲಿನಲ್ಲಿ ದಾರ ಕಚ್ಚಿಕೊಂಡಿದ್ದಾನೆ, ನನ್ನ ನೋಡಿದ, ಸ್ಟೂಲಿನಿಂದ ಅರ್ಧ ಎದ್ದ, ನಮಸ್ಕಾರ ಮೇಡಂ. ಅಪ್ಪಾ, ಎನ್ನುತ್ತೇನೆ, ಮೈಕು ಆರಿಸಿಲ್ಲ, ಅಪ್ಪಾ ಎಂದು ಇಡೀ ಬೀದಿಗೆ ಕೇಳಿಸುತ್ತದೆ, ಫೋನುಗಳು ಮೇಲೇಳುತ್ತವೆ, ಅವನು ಆಚೆ ಈಚೆ ನೋಡುತ್ತಾನೆ, ದಾರವನ್ನು ಬಾಯಿಂದ ತೆಗೆದು ನನ್ನ ಕಡೆ ಬಾಗಿ ಪಿಸುಗುಡುತ್ತಾನೆ, ಹಾಗೆ ಕರೀಬೇಡಿ ಮೇಡಂ, ಕೈ ಮುಗೀತೀನಿ, ಯಾರಾದ್ರೂ ಕೇಳಿಸ್ಕೊಂಡ್ರೆ ಕಷ್ಟ, ನನ್ನ ಮಗಳೂ ಇಲ್ಲೇ ಗೈಡು, ನಾನು ಅವಳಪ್ಪ ಅಂತ ಗೊತ್ತಾದ್ರೆ ಪಾಪ ಗುಂಡಮ್ಮನ ಕೆಲ್ಸ ಹೋಗುತ್ತೆ — ಅಂದ, ಗುಂಡಮ್ಮ ಅಂದ, ನನಗಲ್ಲ, ನನ್ನ ಬಗ್ಗೆ, ನನಗೇ — ಎಂಟನೆಯ ಕಾರಣ ಏನು ಎಂದು ಹಳದಿ ಟೋಪಿಯವಳು ಕೇಳುತ್ತಿದ್ದಾಳೆ, ಎಂಟನೆಯದು, ಎಂಟನೆಯದು — ಸ್ಟೂಲಿನಿಂದ ಅರ್ಧ ಎದ್ದು ನಿಂತಿದ್ದಾನೆ, ಮೊಣಕಾಲು ನಡುಗುತ್ತಿದೆ, ಕೂತ್ಕೊಳ್ಳಿ ಅಂತ ಮೇಡಂ ಅನ್ನಲಿ ಎಂದು ಕಾಯುತ್ತ, ಅರ್ಧ ಎದ್ದು —