ಪೀಕಿನ ಮಗ್ಗುಲ ಗೂನು

ರೆಕಾರ್ಡರಿನ ಪೆನ್ನು ಗೆರೆ ಎಳೆಯುತ್ತ ಮೇಲೇರಿ, ಇಳಿಯುವಾಗ ಮತ್ತೆ ಅಲ್ಲೇ ತಡವರಿಸಿತು. ಕಾಗದದ ಮೇಲೆ ಗುಡ್ಡದಂತೆ ಎದ್ದ ಪೀಕಿನ ಬಲಮಗ್ಗುಲಲ್ಲಿ ಮತ್ತದೇ ಗೂನು. ಗಂಗಾಶ್ರೀ ಸ್ಟೂಲಿನಿಂದ ಎದ್ದು ನಿಂತಳು.

ಶಿವಮೊಗ್ಗದ ಆ ಪ್ರಯೋಗಾಲಯದಲ್ಲಿ ಅವಳದು ಶೇಂಗಾ ಹಿಂಡಿಯ ಪ್ರೋಟೀನುಗಳನ್ನು ಬಿಡಿಬಿಡಿಯಾಗಿ ಬೇರ್ಪಡಿಸುವ ಕೆಲಸ. ಪ್ರೋಟೀನು ಹಿಡಿದಿಡುವ ಪುಡಿ ತುಂಬಿದ ಗಾಜಿನ ಕೊಳವೆಗೆ ಹಿಂಡಿಯ ಸಾರ ಸುರಿದು ಮೇಲಿಂದ ಉಪ್ಪುನೀರು ಬಿಟ್ಟರೆ, ಒಂದೊಂದೇ ಪ್ರೋಟೀನು ಕಳಚಿಕೊಂಡು ಕೆಳಗಿಳಿಯುತ್ತದೆ. ಒಂದೊಂದಕ್ಕೂ ಒಂದು ಪೀಕು. ಬೇರೆ ಊರುಗಳಿಂದ ತಂದ ಹಿಂಡಿಯಲ್ಲಿ ಯಾವ ತಕರಾರೂ ಇರಲಿಲ್ಲ. ಗೂನು ಬಂದದ್ದು ಶಿಕಾರಿಪುರದಿಂದ, ತನ್ನ ಅಪ್ಪನ ಎಣ್ಣೆಮಿಲ್ಲಿನಿಂದ ತಂದದ್ದರಲ್ಲಿ ಮಾತ್ರ. ಕೊಳವೆ ಸರಿಯಾಗಿ ತುಂಬಿಲ್ಲ ಅಂದಿದ್ದರು ಮಾರ್ಗದರ್ಶಕರು. ಬಿಚ್ಚಿ ಹೊಸದಾಗಿ ತುಂಬಿದ್ದಾಯಿತು. ಆದರೂ ಬಂತು.

ಮರುದಿನ ಉಪ್ಪಿನ ಅಂಶವನ್ನು ತೀರ ನಿಧಾನವಾಗಿ ಏರಿಸುತ್ತ ಹೋದಳು. ಗೂನು ಮೆಲ್ಲಗೆ ಕಳಚಿಕೊಂಡು ಬೇರೆಯೇ ಒಂದು ಪೀಕಾಗಿ ನಿಂತಿತು. ಅದು ಶೇಂಗಾದ್ದಲ್ಲ. ಅಪ್ಪನ ಮಿಲ್ಲಿನಲ್ಲಿ ಹರಳೆಣ್ಣೆಯನ್ನೂ ತೆಗೆಯುತ್ತಿದ್ದರು. ಒಳಗೇ ಕೊರೆಯುತ್ತಿದ್ದ ಅನುಮಾನವನ್ನು ಯಾರಿಗೂ ಹೇಳಲಾರದೆ, ಅದೇ ಸಾರಕ್ಕೆ ಒಂದಿಷ್ಟು ಹರಳುಬೀಜದ ಸಾರ ಬೆರೆಸಿ ಮತ್ತೆ ಬಿಟ್ಟಳು. ಹೊಸ ಪೀಕು ಏಳಲಿಲ್ಲ. ಆ ಎರಡನೆಯದೇ ಇನ್ನಷ್ಟು ಎತ್ತರವಾಯಿತು. ಹರಳಿನ ವಿಷವೂ ಒಂದು ಪ್ರೋಟೀನು. ಅದು ಇಳಿಯುವ ಜಾಗ ಅದೇ.

ಬೆಳಗಿನ ಬಸ್ಸಿಗೆ ಶಿಕಾರಿಪುರಕ್ಕೆ ಬಂದಾಗ ಅಪ್ಪ ಶಿವಮೂರ್ತಪ್ಪ ಮಿಲ್ಲಿನ ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದರು.

"ಅಪ್ಪಾಜಿ, ಶೇಂಗಾ ಹಿಂಡಿಗೆ ಏನು ಸೇರ್ಸೀರಿ?"

ಅವರು ತಲೆ ಎತ್ತಲಿಲ್ಲ. "ಹರಳು ಹಿಂಡಿ, ಒಂಚೂರು. ಹುರಿಸೇ ಹಾಕ್ಸೀನಿ. ಬೆಂಕಿಗೆ ವಿಷ ಉಳೀತೈತೇನು?"

"ಉಳಿದೈತ್ರಿ. ನಾನೇ ನೋಡೀನಿ."

"ನೀನು ನೋಡಿದ್ದು ಕಾಗದದ ಮ್ಯಾಲಿನ ಗೆರಿ."

"ಆ ಹಿಂಡಿ ಇನ್ನೂ ಐತೇನು?"

"ಖಾಲಿ. ಕಡೇ ಚೀಲ ಮೊನ್ನೆ ಆನವಟ್ಟಿ ಕಡಿ ಚಿಕ್ಕಬೀರಪ್ಪ ಒಯ್ದ, ಈದ ಕುರಿಗೆ." ಎಲೆ ಮಡಿಚಿ ಬಾಯಿಗಿಟ್ಟುಕೊಂಡು ಅಂದರು: "ಇದನ್ನ ಇಲ್ಲಿಗೇ ಬಿಡು, ಗಂಗಾ. ಈ ಮನಿ ಹೆಸರು ನಿನಗೂ ಐತಿ."

ಒಳಗಿಂದ ಅವ್ವ ಊಟಕ್ಕೆ ಕರೆಯುತ್ತಿದ್ದಳು. ಎಸ್‌ಟಿಡಿ ಬೂತಿನಿಂದ ಹೇಳೋಣವೆಂದರೆ ಕುರಿಹಟ್ಟಿಯಲ್ಲಿ ಫೋನೆಲ್ಲಿ ಬಂತು? ಗಂಗಾಶ್ರೀ ಹಾಗೇ ತಿರುಗಿ ಬಸ್‌ಸ್ಟ್ಯಾಂಡಿನತ್ತ ನಡೆದಳು. ಅಪ್ಪ ಕೂಗಿ ಕರೆಯಲಿಲ್ಲ. ಕರೆದಿದ್ದರೆ ನಿಂತುಬಿಡುತ್ತಿದ್ದೆನೇನೋ ಎಂದು ಬಸ್ಸಿನ ಕಿಟಕಿಗೆ ಒರಗಿದಾಗ ಅನ್ನಿಸಿತು.

ಆನವಟ್ಟಿಯಲ್ಲಿಳಿದು ಕೇಳುತ್ತ ಹೋದರೆ, ಹಟ್ಟಿಯಲ್ಲಿ ಚಿಕ್ಕಬೀರಪ್ಪನ ಹೆಂಡತಿ ಹನುಮಮ್ಮ ಒಬ್ಬಳೇ ಇದ್ದಳು. ನೆನೆಸಿದ ಹಿಂಡಿಯ ಬಾನಿಗೆ ಕುರಿಗಳು ಮುತ್ತಿದ್ದವು.

"ಅದನ್ನ ಹಾಕಬ್ಯಾಡ್ರಿ ಅಮ್ಮಾ. ಅದರಾಗೆ ವಿಷ ಸೇರೈತಿ."

ಹನುಮಮ್ಮ ಕೈ ಒರೆಸಿಕೊಂಡು ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನಿನ್ನೆಯಿಂದ ತಿಂತಾ ಇದಾವಲ್ಲವ್ವ. ಏನೂ ಆಗಿಲ್ಲ."

"ಅದು ತಿಂದ ತಕ್ಷಣ ಗೊತ್ತಾಗಂಗಿಲ್ರಿ."

"ಚಲೋ ಮಿಲ್ಲಿಂದು ಅಂತ ನಮ್ಮನೇರು ತಂದಾರೆ. ಅದಕ್ಕೆ ವಿಷ ಅನ್ನಾಕೆ ನೀನು ಯಾರು?"

ಗಂಗಾಶ್ರೀ ಕುರಿಯೊಂದನ್ನು ಬಾನಿಯಿಂದ ಹಿಂದಕ್ಕೆ ನೂಕಿದಳು. "ಆ ಮಿಲ್ಲಿನೋರ ಮಗಳು."

ಹನುಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬಾನಿಯ ಒಂದು ತುದಿ ಹಿಡಿದಳು, ಗಂಗಾಶ್ರೀ ಇನ್ನೊಂದು ತುದಿ. ಇಬ್ಬರೂ ಸೇರಿ ತಿಪ್ಪೆಗೆ ಸುರಿದು ಮಣ್ಣೆಳೆಯುತ್ತಿದ್ದರೆ ಕುರಿಗಳು ಕಾಲಿಗೆ ಅಡ್ಡಬಂದು, ನೂಕಿದರೂ ಬಿಡದೆ ಮೂತಿ ಹಾಕುತ್ತಿದ್ದವು.

ಒಂದು ಕುರಿ ಮಾತ್ರ ಬರಲಿಲ್ಲ. ಬೇಲಿಯ ಪಕ್ಕ ತಲೆ ತಗ್ಗಿಸಿ ನಿಂತೇ ಇತ್ತು. ಅದರ ಮರಿ ಕೆಚ್ಚಲಿಗೆ ಬಾಯಿ ಹಾಕಿ ಗುದ್ದುತ್ತಿತ್ತು, ಬಿಟ್ಟು ಮತ್ತೆ ಗುದ್ದುತ್ತಿತ್ತು.