ಹುಣಸೆ ಬುಡದ ರೊಟ್ಟಿ

“ಏ ರಂಡೆ, ಸಿಮೆಂಟಿನ್ಯಾಗ ನಿನ್ನ ಬೆವರ ಬೀಳಸಬ್ಯಾಡ! ನಾಳಿ ಎಮ್ಮೆಲ್ಲೆ ಸಾಹೇಬ್ರು ಹೂ ಹಾಕೋ ಜಾಗ ಅದ.”

ಅಮಿತಕುಮಾರ ಪಾಟೀಲ ಕುರ್ಚಿಯಲ್ಲಿ ಕೂತು ಕಾಲು ಅಲ್ಲಾಡಿಸುತ್ತ ಒದರಿದ. ಎಲಿಜಬೆತ ತಲೆ ಮೇಲಿನ ಬುಟ್ಟಿ ಇಳಿಸಿ ಹಸಿ ಸಿಮೆಂಟು ಸುರಿದಳು.

“ಬೀಳಲಿ ಬಿಡ್ರಿ ಪಾಟೀಲರ, ಹೆಂಗೂ ನೀರ ಕಮ್ಮಿ ಬಿದ್ದದ,” ಎಂದು ಗಾರೆ ಕೆಲಸದ ಗವಂಡಿ ಅಯ್ಯುಬ ನಗುತ್ತ ಕರಣಿಯಿಂದ ಸವರಿದ.

ಹುಣಸೆಮರದ ಬುಡಕ್ಕೆ ಹೊಸ ಕರಿಕಲ್ಲು ನಿಂತಿತ್ತು. ಹದಿನೆಂಟುನೂರ ಐವತ್ತೇಳರ ಗದರಿನಲ್ಲಿ, ಅಂದರೆ ದಂಡಿನ ಸಿಪಾಯಿಗಳು ಬ್ರಿಟಿಷರ ಮೇಲೆ ತಿರುಗಿಬಿದ್ದ ಆ ವರ್ಷ, ಇದೇ ಮರಕ್ಕೆ ನೇಣುಬಿದ್ದ ಅಮರ ವೀರ ಎಂದು ಪಾಟೀಲನ ಮುತ್ತಜ್ಜನ ಹೆಸರು. ಅಕ್ಷರ ಬಂಗಾರದ ಬಣ್ಣದವು.

ನಿಜವಾಗಿ ನೇಣುಬಿದ್ದವನು ಹುಲಗ್ಯಾ, ಎಲಿಜಬೆತಳ ತಾಯಿ ಕಡೆಯ ಹಿರೀಕ. ಹಳ್ಳದ ಪೊದೆಯಲ್ಲಿ ಅಡಗಿದ್ದ ದಂಡಿನವರಿಗೆ ಕದ್ದು ರೊಟ್ಟಿ ಒಯ್ಯುತ್ತಿದ್ದ. ಪಾಟೀಲರ ವಾಡೆಯಿಂದ ಬ್ರಿಟಿಷರಿಗೆ ಸುದ್ದಿ ಹೋಯಿತು, ಕುದುರೆಗಳು ಬಂದವು. ಮಡಿಲಲ್ಲಿ ಬಿಸಿ ರೊಟ್ಟಿ ಇದ್ದಂತೆಯೇ ಅವನನ್ನು ನೇಣಿಗೆ ಏರಿಸಿದರು. ಸುದ್ದಿ ಕೊಟ್ಟ ಪಾಟೀಲರ ಮುತ್ತಜ್ಜ ಇನಾಮಿನ ಹೊಲ ಉಂಡು, ಹಲ್ಲುದುರಿ, ಹಾಸಿಗೆ ಮೇಲೆ ಸತ್ತ.

ಅಂದಿನಿಂದ ಹುಲಗ್ಯಾನ ಮನೆತನದಲ್ಲಿ ಸುಗ್ಗಿಯ ಹೊಸ ಜೋಳದ ಮೊದಲ ರೊಟ್ಟಿಯನ್ನು ಯಾರೂ ಮುರಿಯುವುದಿಲ್ಲ. ಅದು ಹುಣಸೆ ಬುಡಕ್ಕೆ. ಕೇರಿಗೆ ಚರ್ಚು ಬಂದ ಮೇಲೂ ಬಿಡಲಿಲ್ಲ. ಪಾದ್ರಿ ಬೈದಾಗ ಎಲಿಜಬೆತಳ ಅವ್ವ ರೆಬೆಕ್ಕಾ, “ಏಸಪ್ಪನೂ ರೊಟ್ಟಿ ಹಂಚಿದಾವ್ನೇ ಅಲ್ರಿ?” ಅಂದುಬಿಟ್ಟಿದ್ದಳು.

ಈಗ ಅವ್ವನ ಹೊಟ್ಟೆಯಲ್ಲಿ ಜಡ್ಡಿನಿಂದ ನೀರು ತುಂಬಿದೆ. ಬೆಳಿಗ್ಗೆ ಹಟ ಹಿಡಿದು ಒಲೆ ಮುಂದೆ ಕೂತು ಒಂದೇ ರೊಟ್ಟಿ ತಟ್ಟಿದಳು. ಒಂದು ಕಡೆ ದಪ್ಪ, ಒಂದು ಕಡೆ ತೆಳು, ಮೈತುಂಬ ಬೆರಳಿನ ಗುರುತು.

“ಬರೋ ಸುಗ್ಗಿಗಿ ನಾ ಇರಂಗಿಲ್ಲ ಮಗಾ. ಇಟ್ಟು ಬಂದು ಹೇಳು, ಆಮ್ಯಾಲ ಗಂಜಿ ಕುಡೀತೇನಿ.”

ಎಲಿಜಬೆತ ಬುಟ್ಟಿ ಬದಿಗಿಟ್ಟು ಸೆರಗಿನಿಂದ ರೊಟ್ಟಿ ತೆಗೆದಳು. “ಅವ್ವನ ರೊಟ್ಟಿ ಅದರಿ. ಹುಲಗ್ಯಾಂದು. ಬುಡಕ್ಕ ಇಡ್ತೇನಿ.”

“ಯಾವ ಹುಲಗ್ಯಾ? ಇಲ್ಲಿ ಸತ್ತಾವ ನಮ್ಮ ಮುತ್ತ್ಯಾ. ಕಲ್ಲು ಕಾಣಂಗಿಲ್ಲೇನ ಕುರುಡಿ?”

“ನಿಮ್ಮ ಮುತ್ತ್ಯಾ ಹಾಸಗಿ ಮ್ಯಾಲ ಸತ್ರಂತ ನಿಮ್ಮವ್ವನೇ ಹೇಳ್ತಿದ್ರಲ್ರಿ.”

ಪಾಟೀಲ ಎದ್ದು ಅವಳ ಕೈಗೆ ಹೊಡೆದ. ನೆಲಕ್ಕೆ ಬಿದ್ದ ರೊಟ್ಟಿಯನ್ನು ಬೂಟಿನಿಂದ ನೂಕಿದ. ರೊಟ್ಟಿ ಎರಡಾಯಿತು.

“ನಾಯಿಗಿ ಹಾಕು.”

ಅವಳು ಎರಡೂ ಚೂರು ಎತ್ತಿಕೊಂಡಳು. ಸೀದಾ ಹೋಗಿ ಕಲ್ಲಿನ ಮುಂದಿನ ಹಸಿ ಸಿಮೆಂಟಿನಲ್ಲಿ ಜೋಡಿಸಿಟ್ಟು, ಅಂಗೈ ಊರಿ ಒತ್ತಿದಳು. ಬೆರಳು ಹೂಳುವಷ್ಟು ಬಲ ಹಾಕಿ ಒತ್ತಿದಳು.

“ತೆಗಿ ಬೋಸುಡಿ! ಅಯ್ಯುಬ, ಕಿತ್ತು ಸವರೋ ಅದನ್ನ!”

ಅಯ್ಯುಬ ಕರಣಿಯನ್ನು ಬಕೀಟಿನಲ್ಲಿ ಅದ್ದಿ, ನಿಧಾನವಾಗಿ ತೊಳೆದು, ಚೀಲಕ್ಕೆ ಹಾಕಿಕೊಂಡ. “ನನ್ನ ಕೆಲಸ ಮುಗೀತ್ರಿ.”

ಪಾಟೀಲ ತಾನೇ ನುಗ್ಗಿದ. ಬೂಟು ಸಿಮೆಂಟಿನಲ್ಲಿ ಹೂತಿತು. ಅವನು ಕಾಲು ಕಿತ್ತುಕೊಳ್ಳುವಷ್ಟರಲ್ಲಿ ಎಲಿಜಬೆತ ಕೇರಿಯ ದಾರಿ ಹಿಡಿದಿದ್ದಳು.

ಮನೆಯಲ್ಲಿ ಗಂಜಿ ಆರಿ ಕೆನೆಗಟ್ಟಿತ್ತು.

“ಇಟ್ಟು ಬಂದ್ಯಾ?”

“ಇಟ್ಟೀನವ್ವಾ.”

“ಮುರೀಲಿಲ್ಲಲ್ಲ?”

“ಇಲ್ಲವ್ವಾ.”

ರೆಬೆಕ್ಕಾ ಮಗಳ ಕೈ ತಡವಿದಳು. “ಯಾಕ ಇಷ್ಟ ಬಿರಸ ಆಗ್ಯಾವ?”

ಎಲಿಜಬೆತ ಚಮಚಕ್ಕೆ ಕೈ ಹಾಕಿದಳು. ಬೆರಳು ಮಡಚಲಿಲ್ಲ. ಅವುಗಳ ಮೇಲೆ ಸಿಮೆಂಟು ಒಣಗಿ ಬಿಗಿದಿತ್ತು. ಅವ್ವ ಬಾಯಿ ತೆರೆದು ಕಾಯುತ್ತಿದ್ದಳು.